ಒಡಲೊಳಗಿನ ಬಲೆ

ಗುಣಪಡಿಸಲೆಂದು ದೇಹದೊಳಗೆ ಇರಿಸಿದ ವಸ್ತುವೇ ಗಾಯವಾದಾಗ ಉತ್ತರ ಹೇಳಬೇಕಾದವರು ಯಾರು? ಈ ಒಂದು ಪ್ರಶ್ನೆಯನ್ನು ಹಿಡಿದು ಆಸ್ಟ್ರೇಲಿಯದ ಸ್ತ್ರೀಯರು ಹತ್ತು ವರ್ಷ ನಡೆಸಿದ ನ್ಯಾಯದ ಹೋರಾಟದ ಕಥೆ.

ಅಂಗಡಿಯಿಂದ ತಂದ ಪಾತ್ರೆ ಸೋರಿದರೆ ಮರುದಿನವೇ ಹಿಂತಿರುಗಿಸಬಹುದು. ಕೊಂಡ ಸೀರೆ ಒಂದೇ ಒಗೆತಕ್ಕೆ ಬಣ್ಣ ಬಿಟ್ಟರೆ ಅಂಗಡಿಯವನೊಡನೆ ವಾದಿಸಿ ಬೇರೆಯದನ್ನು ತರಬಹುದು. ಅಲ್ಲಿ ಸರಕಿನ ದೋಷ ಕಣ್ಣಿಗೆ ಕಾಣುತ್ತದೆ. ಮಾರಿದವನೂ ಎದುರಿಗೇ ಇರುತ್ತಾನೆ. ಆದರೆ ಆ ಸರಕು ಮನುಷ್ಯದೇಹದ ಒಳಗೇ ಸೇರಿ, ಮಾಂಸದೊಡನೆ ಹೆಣೆದುಕೊಂಡು ಕುಳಿತುಬಿಟ್ಟರೆ? ಅದನ್ನು ತಯಾರಿಸಿದ್ದು ಸಮುದ್ರದಾಚೆಯ ಕಾರ್ಖಾನೆ, ಮಾರಾಟಕ್ಕೆ ಒಪ್ಪಿಗೆ ನೀಡಿದ್ದು ಸರ್ಕಾರದ ಕಚೇರಿ, ಆರಿಸಿದ್ದು ವೈದ್ಯರು. ನೋವುಣ್ಣುವವಳು ಮಾತ್ರ ಇವರಾರನ್ನೂ ಪ್ರಶ್ನಿಸಲರಿಯದ ಒಬ್ಬ ಗೃಹಿಣಿ ಎಂದಾದರೆ?

ಇದು ಕಲ್ಪನೆಯ ಮಾತಲ್ಲ. ಅಮೆರಿಕ, ಇಂಗ್ಲೆಂಡ್, ಸ್ಕಾಟ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ದೇಶಗಳಲ್ಲಿ ಸಹಸ್ರಾರು ಸ್ತ್ರೀಯರು ಈ ಸಂಕಟವನ್ನು ಅನುಭವಿಸಿದರು. ಅಮೆರಿಕವೊಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ದಾವೆಗಳು ಹೂಡಲ್ಪಟ್ಟವು. ಇವೆಲ್ಲಕ್ಕೂ ಕಾರಣವಾದದ್ದು ಅಂಗೈಯಗಲಕ್ಕಿಂತ ಹೆಚ್ಚೇನೂ ದೊಡ್ಡದಲ್ಲದ, ಸೊಳ್ಳೆಪರದೆಯ ತುಂಡಿನಂತೆ ಕಾಣುವ ಒಂದು ಪ್ಲಾಸ್ಟಿಕ್ ಬಲೆ.

ಬಲೆ ಬಂದ ಬಗೆ

ಇಟಲಿಯ ರಸಾಯನಶಾಸ್ತ್ರಜ್ಞ ಜೂಲಿಯೋ ನಟ್ಟಾ 1954ರಲ್ಲಿ ಪಾಲಿಪ್ರೊಪಿಲೀನ್ ಎಂಬ ಹೊಸ ಪ್ಲಾಸ್ಟಿಕ್ಕನ್ನು ಸಿದ್ಧಪಡಿಸಿದರು. ಈ ಬಗೆಯ ಸಂಶೋಧನೆಗಾಗಿ ಅವರಿಗೂ ಜರ್ಮನಿಯ ಕಾರ್ಲ್ ಝೀಗ್ಲರ್ ಅವರಿಗೂ 1963ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಗ್ಗವೂ ಹಗುರವೂ ಗಟ್ಟಿಯೂ ಆದ ಈ ವಸ್ತು ಬಹುಬೇಗ ಜಗತ್ತನ್ನು ವ್ಯಾಪಿಸಿತು. ನೇಯ್ದ ಅಕ್ಕಿಚೀಲ, ಹಗ್ಗ, ಕುರ್ಚಿ, ಡಬ್ಬಿಗಳೆಲ್ಲ ಇದರಿಂದಲೇ ಆಗುತ್ತವೆ.

ಇಂಥ ವಸ್ತು ಶಸ್ತ್ರಚಿಕಿತ್ಸೆಯ ಕೋಣೆಯನ್ನು ಪ್ರವೇಶಿಸಿದ್ದು ಹರ್ನಿಯಾ ರೋಗದ ನಿಮಿತ್ತವಾಗಿ. ಹೊಟ್ಟೆಯ ಗೋಡೆ ಸಡಿಲವಾಗಿ ಕರುಳು ಹೊರಚಾಚಿದಾಗ ಆ ಎಡೆಗೆ ಪ್ಲಾಸ್ಟಿಕ್ ಬಲೆಯ ತೇಪೆ ಹಾಕುವ ಪದ್ಧತಿಯನ್ನು 1950ರ ದಶಕದ ಕೊನೆಯಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಶಸ್ತ್ರವೈದ್ಯ ಫ್ರಾನ್ಸಿಸ್ ಅಷರ್ ಬಳಕೆಗೆ ತಂದರು. ಬಲೆಯ ಕಣ್ಣುಗಳ ಮೂಲಕ ಹೊಸ ಮಾಂಸ ಬೆಳೆದು, ತೇಪೆಯೂ ದೇಹವೂ ಒಂದಾಗಿ, ಗೋಡೆ ಬಲವಾಗುತ್ತದೆ ಎಂಬುದು ಇದರ ತತ್ತ್ವ. ಹರ್ನಿಯಾಗೆ ಬಲೆ ಹಾಕುವ ಪದ್ಧತಿ ಇಂದಿಗೂ ಪ್ರಪಂಚದಾದ್ಯಂತ ಉಂಟು.

ಹೊಟ್ಟೆಯ ಗೋಡೆಗೆ ಒಪ್ಪಿದ ಬಲೆ ಸ್ತ್ರೀದೇಹದ ಮತ್ತೊಂದು ಬಾಧೆಗೂ ಏಕೆ ಒಪ್ಪಬಾರದು ಎಂಬ ಯೋಚನೆ ಕಾಲಕ್ರಮದಲ್ಲಿ ಮೂಡಿತು. ಹೆರಿಗೆಯಾದ ಬಳಿಕ, ಅದರಲ್ಲೂ ವಯಸ್ಸಾಗುತ್ತ ಬಂದಂತೆ, ಅನೇಕ ಸ್ತ್ರೀಯರಿಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಿಗೆ ಕೆಮ್ಮಿದರೆ, ಸೀನಿದರೆ, ನಕ್ಕರೆ ಮೂತ್ರ ಹನಿಯುತ್ತದೆ. ಕೆಲವರಿಗೆ ಗರ್ಭಕೋಶವೋ ಮೂತ್ರಕೋಶವೋ ಕೆಳಕ್ಕೆ ಜಾರುತ್ತದೆ. ಪ್ರಾಣಕ್ಕೆ ಅಪಾಯವಿಲ್ಲದ, ಆದರೆ ಯಾರೊಡನೆಯೂ ಹೇಳಿಕೊಳ್ಳಲಾಗದ ತೊಂದರೆ ಇದು. ಮದುವೆಮನೆಗೆ ಹೋಗಲು ಅಳುಕು, ದೂರಪ್ರಯಾಣಕ್ಕೆ ಅಂಜಿಕೆ, ಪತಿಯೆದುರಿಗೂ ಸಂಕೋಚ.

ಆಸ್ಟ್ರೇಲಿಯದ ವೈದ್ಯ ಪೀಟರ್ ಪೆಟ್ರೋಸ್, ಸ್ವೀಡನ್ನಿನ ವೈದ್ಯ ಉಲ್ಫ್ ಉಲ್ಮ್‌ಸ್ಟೆನ್ ಇಬ್ಬರೂ ಸೇರಿ ಮೂತ್ರನಾಳದ ಅಡಿಗೆ ಜೋಳಿಗೆಯಂತೆ ಬಲೆಯ ಪಟ್ಟಿಯೊಂದನ್ನು ತೂಗುಹಾಕುವ ಉಪಾಯವನ್ನು ರೂಪಿಸಿದರು. 1996ರಲ್ಲಿ ಅದರ ವಿವರ ಪ್ರಕಟವಾಯಿತು. ಹಿಂದೆ ಹೊಟ್ಟೆಯನ್ನೇ ಕೊಯ್ದು ಮಾಡುತ್ತಿದ್ದ ಶಸ್ತ್ರಕ್ರಿಯೆ ಈಗ ಅರ್ಧ ಗಂಟೆಯ ಕೆಲಸವಾಯಿತು. ಬಹುಬೇಗ ಮನೆಗೆ ಮರಳಬಹುದಾಯಿತು. ಜಾನ್ಸನ್ ಅಂಡ್ ಜಾನ್ಸನ್ ಸಮೂಹಕ್ಕೆ ಸೇರಿದ ಎಥಿಕಾನ್ ಕಂಪನಿ ಈ ಪಟ್ಟಿಯ ಮಾರಾಟವನ್ನು ಕೈಗೆತ್ತಿಕೊಂಡಿತು. ಅಂಗ ಜಾರುವುದಕ್ಕೂ ದೊಡ್ಡ ಬಲೆಗಳು ಬಂದವು. ಬಲೆ, ಅದನ್ನು ಒಳಕ್ಕೆ ಸೇರಿಸುವ ಸೂಜಿ, ಕೊಳವೆ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಸಿದ್ಧವಾಗಿ ದೊರೆಯತೊಡಗಿದವು.

ಈ ಚಿಕಿತ್ಸೆಯಿಂದ ಸುಖ ಕಂಡ ಸ್ತ್ರೀಯರು ಬಹುಮಂದಿ ಇದ್ದಾರೆಂಬುದನ್ನು ಮರೆಯಲಾಗದು. ಆದರೆ ಸುಖ ಕಾಣದವರ ಪಾಡು ಮಾತ್ರ ಬಹು ಕಠೋರವಾಗಿತ್ತು.

ಬಳ್ಳಿ ಹಬ್ಬಿದ ಚಪ್ಪರ

ಕೆಲವರಲ್ಲಿ ಬಲೆ ಕುಗ್ಗಿ ಬಿಗಿಯಿತು. ಕೆಲವರಲ್ಲಿ ಅದರ ಅಂಚು ಯೋನಿಯ ಮೃದುವಾದ ಗೋಡೆಯನ್ನು ಸವೆಸಿಕೊಂಡು ಹೊರಗಿಣುಕಿತು. ಸೋಂಕು, ರಕ್ತಸ್ರಾವ, ತೊಡೆಸಂದಿಯಲ್ಲಿ ಬೆಂಕಿಯಿಟ್ಟಂಥ ಉರಿ. ಕುಳಿತರೆ ನೋವು, ನಡೆದರೆ ನೋವು. ದಾಂಪತ್ಯಜೀವನ ಅಸಾಧ್ಯವಾಯಿತು. ಉದ್ಯೋಗ ಬಿಟ್ಟವರುಂಟು, ಊರುಗೋಲು ಹಿಡಿದವರುಂಟು, ಗಾಲಿಕುರ್ಚಿಗೆ ಸೇರಿದವರುಂಟು.

‘ಹಾಗಾದರೆ ತೆಗೆಸಿಬಿಡಬಹುದಲ್ಲ’ ಎಂದು ಕೇಳುವುದು ಸಹಜ. ಆದರೆ ಬಲೆಯ ಗುಣವೇ ಇಲ್ಲಿ ಶತ್ರುವಾಗುತ್ತದೆ. ಅದು ರೂಪುಗೊಂಡಿರುವುದೇ ಮಾಂಸ ತನ್ನ ಕಣ್ಣುಗಳಲ್ಲಿ ಹೆಣೆದುಕೊಳ್ಳಲೆಂದು. ಅವರೆಯ ಬಳ್ಳಿ ದಟ್ಟವಾಗಿ ಹಬ್ಬಿದ ಚಪ್ಪರದಿಂದ ಒಂದು ಕುಡಿಯೂ ಹರಿಯದಂತೆ ಹಗ್ಗವನ್ನಷ್ಟೇ ಎಳೆದು ತೆಗೆಯಬಲ್ಲವರುಂಟೇ? ಇಲ್ಲಿ ಬಳ್ಳಿಯ ಜಾಗದಲ್ಲಿ ನರಗಳಿವೆ, ರಕ್ತನಾಳಗಳಿವೆ, ಮೂತ್ರಕೋಶವಿದೆ. ಹಾಕಲು ಅರ್ಧ ಗಂಟೆ ಸಾಕಾದ ಬಲೆಯನ್ನು ತೆಗೆಯಲು ಗಂಟೆಗಟ್ಟಲೆ ಹಿಡಿಯುತ್ತದೆ. ಒಮ್ಮೆಗೆ ಮುಗಿಯದೆ ಎರಡು ಮೂರು ಬಾರಿ ಶಸ್ತ್ರಕ್ರಿಯೆ ಮಾಡಿಸಿಕೊಂಡವರಿದ್ದಾರೆ. ಅಷ್ಟಾದರೂ ನೋವು ಹೋಗುವುದೆಂಬ ಭರವಸೆಯಿಲ್ಲ.

ದೇಹದ ನೋವಿಗಿಂತ ಮಿಗಿಲಾದ ಇನ್ನೊಂದು ನೋವೂ ಇತ್ತು. ‘ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿದೆ, ನೋವೆಂಬುದು ನಿಮ್ಮ ಮನಸ್ಸಿನ ಭ್ರಮೆ’, ‘ವಯಸ್ಸಾದ ಮೇಲೆ ಇವೆಲ್ಲ ಇರುವವೇ’ ಎಂಬ ಮಾತುಗಳನ್ನು ಇವರು ಕೇಳಬೇಕಾಯಿತು. ಆಸ್ಟ್ರೇಲಿಯದ ಸಂಸತ್ತಿನ ಸಮಿತಿಯ ಮುಂದೆಯೂ ಇಂಗ್ಲೆಂಡಿನ ವಿಚಾರಣಾ ಮಂಡಲಿಯ ಮುಂದೆಯೂ ಬಂದ ಸ್ತ್ರೀಯರು ಪದೇ ಪದೇ ಹೇಳಿದ ದೂರು ಇದು. ನೋವಿದೆಯೆಂದು ನಂಬುವವರೇ ಇಲ್ಲದಾಗ, ಆ ನೋವಿಗೆ ಕಾರಣವಾದ ವಸ್ತುವಿನ ಮೇಲೆ ದೂರು ದಾಖಲಾಗುವುದಾದರೂ ಹೇಗೆ?

ಹೋಲಿಕೆಯೇ ಪರವಾನಗಿ

ಇಂಥ ವಸ್ತು ಸರಿಯಾದ ಪರೀಕ್ಷೆಯಿಲ್ಲದೆ ಪೇಟೆಗೆ ಬಂದುದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಅಮೆರಿಕದ ಒಂದು ಕಾನೂನನ್ನು ನೋಡಬೇಕು. ಅಲ್ಲಿ ಔಷಧಗಳಿಗೂ ವೈದ್ಯಕೀಯ ಸಾಧನಗಳಿಗೂ ಅನುಮತಿ ನೀಡುವುದು ಆಹಾರ ಮತ್ತು ಔಷಧ ಆಡಳಿತ ಎಂಬ ಸರ್ಕಾರಿ ಇಲಾಖೆ. 1976ರ ಶಾಸನದ ಪ್ರಕಾರ, ಹೊಸ ಸಾಧನವು ಈಗಾಗಲೇ ಮಾರಾಟದಲ್ಲಿರುವ ಹಳೆಯ ಸಾಧನವನ್ನು ಬಹುಮಟ್ಟಿಗೆ ಹೋಲುತ್ತದೆ ಎಂದು ತೋರಿಸಿದರೆ ಸಾಕು. ರೋಗಿಗಳ ಮೇಲೆ ಹೊಸದಾಗಿ ಪ್ರಯೋಗ ನಡೆಸಿ ಸುರಕ್ಷಿತವೆಂದು ಸಿದ್ಧಪಡಿಸಬೇಕಾದ ಅಗತ್ಯ ಸಾಮಾನ್ಯವಾಗಿ ಬೀಳದು.

ಮೇಲ್ನೋಟಕ್ಕೆ ಇದು ಯುಕ್ತವಾಗಿಯೇ ಕಾಣುತ್ತದೆ. ಆದರೆ ಹಳೆಯದೇ ಕೆಟ್ಟದಾಗಿದ್ದರೆ? ಬೋಸ್ಟನ್ ಸೈಂಟಿಫಿಕ್ ಕಂಪನಿಯ ಪ್ರೊಟೆಜೆನ್ ಎಂಬ ಪಟ್ಟಿಗೆ 1996ರಲ್ಲಿ ಅನುಮತಿ ದೊರೆಯಿತು. ಎಥಿಕಾನ್ ಕಂಪನಿಯ ಪಟ್ಟಿ ಪ್ರೊಟೆಜೆನ್ನನ್ನು ಹೋಲುತ್ತದೆ ಎಂಬ ಆಧಾರದ ಮೇಲೆ ಅದಕ್ಕೆ 1998ರಲ್ಲಿ ಅನುಮತಿ ಸಿಕ್ಕಿತು. ಮರುವರ್ಷ, 1999ರಲ್ಲಿ, ರೋಗಿಗಳಿಗೆ ತೊಂದರೆಗಳಾದುವೆಂದು ಪ್ರೊಟೆಜೆನ್ ಪೇಟೆಯಿಂದಲೇ ಹಿಂದಕ್ಕೆ ಹೋಯಿತು. ಅಜ್ಜನ ಹೆಸರಿನ ಮೇಲೆ ಸಾಲ ಪಡೆದ ಮೊಮ್ಮಕ್ಕಳಂತೆ, ಅದನ್ನು ಹೋಲಿ ಬಂದ ಸಾಧನಗಳು ಮಾತ್ರ ಉಳಿದುಕೊಂಡವು. ಅವನ್ನು ಹೋಲುವವೆಂದು ಮತ್ತಷ್ಟು ಬಂದವು.

ಅಂಗ ಜಾರುವುದಕ್ಕೆ ಬಳಸುವ ಪ್ರೊಲಿಫ್ಟ್ ಎಂಬ ದೊಡ್ಡ ಬಲೆಯ ಕಥೆ ಇನ್ನೂ ಸೋಜಿಗದ್ದು. ತನ್ನದೇ ಹಿಂದಿನ ಬಲೆಯಂತೆಯೇ ಇದು ಇದೆಯೆಂದು ತಾನೇ ನಿರ್ಣಯಿಸಿ, ಪ್ರತ್ಯೇಕ ಅನುಮತಿಯನ್ನೂ ಕೇಳದೆ, ಕಂಪನಿ 2005ರಲ್ಲಿ ಅಮೆರಿಕದಲ್ಲಿ ಮಾರಾಟ ಆರಂಭಿಸಿತು. ಸುಧಾರಿಸಿದ ಬಲೆಯೊಂದಕ್ಕೆ 2007ರಲ್ಲಿ ಅರ್ಜಿ ಬಂದಾಗಲೇ ಸರ್ಕಾರದ ಇಲಾಖೆಗೆ ಈ ಸಂಗತಿ ಗೊತ್ತಾದದ್ದು. 2008ರಲ್ಲಿ ಎರಡಕ್ಕೂ ಅನುಮತಿ ದೊರೆಯಿತು. 2012ರಲ್ಲಿ ಕಂಪನಿ ಮಾರಾಟ ನಿಲ್ಲಿಸುವುದಾಗಿ ತಿಳಿಸಿತು.

ಇತ್ತ ದೂರುಗಳು ಬೆಳೆಯುತ್ತಲೇ ಇದ್ದವು. ಮೂರು ವರ್ಷಗಳಲ್ಲಿ ಒಂದು ಸಾವಿರಕ್ಕೂ ಹೆಚ್ಚು ದೂರುಗಳು ಬಂದಿವೆಯೆಂದು ಅಮೆರಿಕದ ಇಲಾಖೆ 2008ರ ಅಕ್ಟೋಬರಿನಲ್ಲಿ ವೈದ್ಯರಿಗೆ ಎಚ್ಚರಿಕೆ ಕೊಟ್ಟಿತು. ಆದರೆ ಇವು ವಿರಳವೆಂದಿತು. 2011ರ ಜುಲೈನಲ್ಲಿ ಆ ಮಾತನ್ನು ತಿದ್ದಿಕೊಂಡು, ಅಂಗ ಜಾರುವುದಕ್ಕೆ ಹಾಕುವ ಬಲೆಗಳಿಂದ ಗಂಭೀರ ತೊಂದರೆಗಳು ವಿರಳವಲ್ಲ ಎಂದು ಸಾರಿತು. 2019ರ ಏಪ್ರಿಲಿನಲ್ಲಿ ಅಂಥ ಬಲೆಗಳನ್ನು ಯೋನಿಮಾರ್ಗದಿಂದ ಹಾಕುವುದಕ್ಕಾಗಿ ಮಾರುವುದನ್ನೇ ನಿಲ್ಲಿಸಬೇಕೆಂದು ಕಂಪನಿಗಳಿಗೆ ಆಜ್ಞೆ ಮಾಡಿತು. ಮೂತ್ರ ಹನಿಯುವುದಕ್ಕೆ ಹಾಕುವ ಪಟ್ಟಿಗಳಿಗೆ ಈ ಆಜ್ಞೆ ಅನ್ವಯಿಸಲಿಲ್ಲ.

ಏಳು ಮಂದಿಯ ಕಾನೂನು

ಒಂದು ಸಾಮಾನ್ಯ ಕುಟುಂಬದ ಸ್ತ್ರೀ ಜಗತ್ತಿನ ಅತ್ಯಂತ ಸಿರಿವಂತ ಕಂಪನಿಗಳಲ್ಲೊಂದರ ಮೇಲೆ ಒಂಟಿಯಾಗಿ ದಾವೆ ಹೂಡುವುದೆಂದರೆ ಆನೆಯ ಎದುರು ಇರುವೆ ನಿಂತಂತೆ. ತಜ್ಞರ ಸಾಕ್ಷ್ಯಕ್ಕೇ ಮನೆಮಾರು ಮಾರಬೇಕಾದೀತು. ಆಸ್ಟ್ರೇಲಿಯದಲ್ಲಿ ಈ ಕಷ್ಟಕ್ಕೆ 1992ರಿಂದ ಒಂದು ಮಾರ್ಗವಿದೆ. ಒಂದೇ ಪ್ರತಿವಾದಿಯ ಮೇಲೆ, ಒಂದೇ ಬಗೆಯ ಸಂದರ್ಭದಿಂದ ಹುಟ್ಟಿದ ದೂರು ಏಳು ಅಥವಾ ಅದಕ್ಕೂ ಹೆಚ್ಚು ಮಂದಿಗೆ ಇದ್ದರೆ, ಕೆಲವರು ಎಲ್ಲರ ಪರವಾಗಿ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಉಳಿದವರು ಹೆಸರು ಕೊಟ್ಟು ಸೇರಬೇಕೆಂದಿಲ್ಲ. ಬೇಡವೆಂದವರು ಮಾತ್ರ ಹೊರಗುಳಿಯಬಹುದು.

ಈ ಸಮೂಹ ದಾವೆಗೆ ಇನ್ನೊಂದು ಉಪಕಾರವೂ ಉಂಟು. ದೋಷಯುಕ್ತ ಸರಕಿನ ದಾವೆಗೆ ಆಸ್ಟ್ರೇಲಿಯದ ಶಾಸನ ಎರಡು ಗಡುವುಗಳನ್ನು ವಿಧಿಸುತ್ತದೆ: ಹಾನಿಯೂ ಅದರ ಕಾರಣವೂ ತಿಳಿದ ಮೇಲೆ ಮೂರು ವರ್ಷ, ಏನೇ ಆದರೂ ಸರಕನ್ನು ತಯಾರಕರು ಪೂರೈಸಿದ ದಿನದಿಂದ ಹತ್ತು ವರ್ಷ. ಬಲೆಯ ನೋವಾದರೋ ವರ್ಷಗಳ ಮೇಲೆ ತಲೆಯೆತ್ತಬಹುದು. ‘ಭ್ರಮೆ’ ಎಂಬ ಮಾತನ್ನು ನಂಬಿ ಸುಮ್ಮನಿದ್ದವಳ ಪಾಲಿಗೆ ಕಾನೂನಿನ ಗಡಿಯಾರ ಅವಳಿಗರಿವಿಲ್ಲದೆಯೇ ಓಡುತ್ತಿರುತ್ತದೆ. ಸಮೂಹ ದಾವೆ ಹೂಡಿದ ಕೂಡಲೆ ಆ ಗುಂಪಿಗೆ ಸೇರಿದ ಎಲ್ಲರ ಗಡಿಯಾರವೂ ನಿಲ್ಲುತ್ತದೆ.

2012ರಲ್ಲಿ ಮೂವರು ಸ್ತ್ರೀಯರು ಮುಂದಾಳುಗಳಾಗಿ ನಿಂತು, ಎಥಿಕಾನ್ ಸಂಸ್ಥೆಯ ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕದ ಶಾಖೆಗಳ ಮೇಲೂ ಜಾನ್ಸನ್ ಅಂಡ್ ಜಾನ್ಸನ್ ಸಮೂಹದ ಆಸ್ಟ್ರೇಲಿಯ ಕಂಪನಿಯ ಮೇಲೂ ದಾವೆ ಹೂಡಿದರು. 1,350ಕ್ಕೂ ಹೆಚ್ಚು ಸ್ತ್ರೀಯರು ಅವರ ಬೆನ್ನಿಗೆ ನಿಂತರು. ಒಂಬತ್ತು ಬಗೆಯ ಬಲೆಗಳು ವಿಚಾರಣೆಗೆ ಒಳಗಾದವು.

ಹೇಳದೆ ಉಳಿದ ಮಾತು

2017ರ ಜುಲೈನಲ್ಲಿ ಸಿಡ್ನಿ ನಗರದಲ್ಲಿ ನ್ಯಾಯಾಧೀಶೆ ಆನಾ ಕಾಟ್ಸ್‌ಮನ್ ಅವರ ಮುಂದೆ ವಿಚಾರಣೆ ಆರಂಭವಾಗಿ ತಿಂಗಳುಗಟ್ಟಲೆ ನಡೆಯಿತು. ವಾದದ ತಿರುಳನ್ನು ಸಾಮಾನ್ಯರ ಮಾತಿನಲ್ಲಿ ಹೀಗೆ ಹೇಳಬಹುದು.

ಯಾವ ಶಸ್ತ್ರಚಿಕಿತ್ಸೆಯೂ ಅಪಾಯದಿಂದ ಮುಕ್ತವಲ್ಲ. ಬಲೆಗೆ ಸಂಬಂಧಿಸಿದ ಅಪಾಯಗಳು ಶಸ್ತ್ರವೈದ್ಯರಿಗೆ ತಿಳಿದೇ ಇದ್ದವು. ಅಸಂಖ್ಯ ರೋಗಿಗಳಿಗೆ ಗುಣವಾಗಿದೆ ಎಂಬುದು ಕಂಪನಿಗಳ ಪ್ರತಿವಾದ. ಇದನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ನೂರು ಮಂದಿಗೆ ಹಿತವಾದ ಔಷಧ ಒಬ್ಬರಿಗೆ ಒಗ್ಗದೆ ಹೋದರೆ ಅದನ್ನು ದೋಷವೆನ್ನಲಾಗದು.

ಆದ್ದರಿಂದ ನ್ಯಾಯಾಲಯದ ಮುಂದಿದ್ದ ನಿಜವಾದ ಪ್ರಶ್ನೆ ‘ಬಲೆ ಒಳ್ಳೆಯದೋ ಕೆಟ್ಟದೋ’ ಎಂಬುದಷ್ಟೇ ಆಗಿರಲಿಲ್ಲ. ಶಾಸನದ ಪ್ರಕಾರ, ಜನರು ನಿರೀಕ್ಷಿಸಲು ಹಕ್ಕುಳ್ಳಷ್ಟು ಸುರಕ್ಷತೆ ಸರಕಿನಲ್ಲಿ ಇಲ್ಲದಿದ್ದರೆ ಅದು ದೋಷಯುಕ್ತ. ಜನರ ನಿರೀಕ್ಷೆ ಹುಟ್ಟುವುದು ಅವರಿಗೆ ಹೇಳಿದ ಮಾತಿನಿಂದ. ಅಪಾಯವನ್ನು ಸ್ಪಷ್ಟವಾಗಿ ತಿಳಿಸಿದ್ದರೆ ನಿರೀಕ್ಷೆಯೂ ಬೇರೆಯಾಗುತ್ತಿತ್ತು, ಆಯ್ಕೆಯೂ ಬೇರೆಯಾಗಬಹುದಿತ್ತು. ಹೀಗಾಗಿ ವಿಚಾರಣೆ ಬಂದು ನಿಂತದ್ದು ಎರಡು ಮಾತಿನ ಮೇಲೆ: ತಯಾರಕರಿಗೆ ಏನು ಗೊತ್ತಿತ್ತು? ಗೊತ್ತಿದ್ದುದರಲ್ಲಿ ಎಷ್ಟನ್ನು ಹೇಳಿದರು?

2019ರ ನವೆಂಬರ್ 21ರಂದು ತೀರ್ಪು ಹೊರಬಿತ್ತು. ಸಾವಿರದ ಐನೂರಕ್ಕೂ ಹೆಚ್ಚು ಪುಟಗಳ ಆ ತೀರ್ಪು ಸ್ತ್ರೀಯರ ಪರವಾಗಿತ್ತು. ಅಪಾಯಗಳು ಕಂಪನಿಗಳಿಗೆ ತಿಳಿದಿದ್ದವು, ಅವು ಅಲ್ಪವಾದವುಗಳಲ್ಲ, ಸಂಭವಿಸಿದರೆ ಗಂಭೀರ ಹಾನಿಯಾಗಬಹುದೆಂಬುದನ್ನು ಕಂಪನಿಯೇ ಒಪ್ಪಿಕೊಂಡಿತ್ತು. ಮಾರಾಟಕ್ಕೆ ಮುಂಚಿನ ಪರಿಶೀಲನೆಯೂ ಮಾರಾಟದ ನಂತರದ ನಿಗಾವೂ ಸಾಲದಾಗಿದ್ದವು. ಬಲೆಯೊಡನೆ ಬರುತ್ತಿದ್ದ ಸೂಚನಾಪತ್ರಗಳೂ ಪ್ರಚಾರದ ಸಾಹಿತ್ಯವೂ ಅಪಾಯಗಳನ್ನು ಪೂರ್ಣವಾಗಿ ತಿಳಿಸದೆ ದಾರಿ ತಪ್ಪಿಸುವಂತಿದ್ದವು. ಕಂಪನಿಗಳು ಅಲಕ್ಷ್ಯದಿಂದ ನಡೆದುಕೊಂಡವು, ಸರಕು ದೋಷಯುಕ್ತವಾಗಿತ್ತು ಎಂದು ನ್ಯಾಯಾಧೀಶೆ ನಿರ್ಣಯಿಸಿದರು.

ವರ್ಷಗಳ ಕಾಲ ‘ನಿಮಗೇನೂ ಆಗಿಲ್ಲ’ ಎಂಬ ಮಾತನ್ನೇ ಕೇಳಿದ್ದವರಿಗೆ, ‘ನಿಮಗೆ ಆದದ್ದು ನಿಜ, ಅದಕ್ಕೆ ಹೊಣೆಗಾರರಿದ್ದಾರೆ’ ಎಂದು ದೇಶದ ನ್ಯಾಯಪೀಠ ಸಾರಿದ್ದು ಸಣ್ಣ ಸಾಂತ್ವನವಾಗಿರಲಿಲ್ಲ.

ಗೆಲುವಿನ ಲೆಕ್ಕ

2020ರ ಮಾರ್ಚಿನಲ್ಲಿ ಮೂವರು ಮುಂದಾಳುಗಳಿಗೆ ಒಟ್ಟು ಸುಮಾರು 26 ಲಕ್ಷ ಆಸ್ಟ್ರೇಲಿಯನ್ ಡಾಲರುಗಳ ಪರಿಹಾರಧನ ನಿಗದಿಯಾಯಿತು. ಕಂಪನಿಗಳು ಅಪೀಲು ಹೋದವು. 2021ರ ಮಾರ್ಚಿನಲ್ಲಿ ಫೆಡರಲ್ ನ್ಯಾಯಾಲಯದ ಪೂರ್ಣಪೀಠ ಅಪೀಲನ್ನು ವಜಾ ಮಾಡಿತು. ಅದೇ ವರ್ಷ ನವೆಂಬರಿನಲ್ಲಿ ಆಸ್ಟ್ರೇಲಿಯದ ಅತ್ಯುಚ್ಚ ನ್ಯಾಯಾಲಯ ಮುಂದಿನ ಅಪೀಲಿಗೆ ಅನುಮತಿಯನ್ನೇ ನಿರಾಕರಿಸಿತು.

ಆದರೆ ಮೂವರ ಗೆಲುವು ಎಲ್ಲರ ಕೈಗೂ ಹಣ ತರಲಿಲ್ಲ. ಬಲೆ ದೋಷಯುಕ್ತವೆಂಬುದು ಎಲ್ಲರಿಗೂ ಸಿದ್ಧವಾಗಿದ್ದರೂ, ‘ಈ ಸ್ತ್ರೀಯ ಈ ನೋವು ಆ ಬಲೆಯಿಂದಲೇ ಬಂದದ್ದು, ಅದರಿಂದ ಆಕೆಗೆ ಇಷ್ಟು ನಷ್ಟವಾಯಿತು’ ಎಂಬುದನ್ನು ಒಬ್ಬೊಬ್ಬರ ವಿಷಯದಲ್ಲೂ ಬೇರೆ ಬೇರೆಯಾಗಿ ತೂಗಬೇಕು. ಸಾವಿರಾರು ವಿಚಾರಣೆಗಳನ್ನು ನಡೆಸಹೊರಟರೆ ಒಂದು ಪೀಳಿಗೆಯೇ ಕಳೆದೀತು. ಹೀಗಾಗಿ 2022ರ ಸೆಪ್ಟೆಂಬರಿನಲ್ಲಿ, ಈ ದಾವೆಯನ್ನೂ ನಂತರ ಹೂಡಿದ ಇನ್ನೊಂದು ಸಮೂಹ ದಾವೆಯನ್ನೂ ಸೇರಿಸಿ, 30 ಕೋಟಿ ಆಸ್ಟ್ರೇಲಿಯನ್ ಡಾಲರುಗಳಿಗೆ ರಾಜಿಯಾಯಿತು. ನ್ಯಾಯಾಲಯ 2023ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಮೂವತ್ತು ಕೋಟಿ ಎಂದರೆ ಕಿವಿಗೆ ದೊಡ್ಡ ಮೊತ್ತ. ಆದರೆ ಅಷ್ಟರಲ್ಲಿ ಹೆಸರು ನೋಂದಾಯಿಸಿದ ಸ್ತ್ರೀಯರ ಸಂಖ್ಯೆ ಸಾವಿರಗಳಲ್ಲಿ ಬೆಳೆದಿತ್ತು. ವಕೀಲರ ಶುಲ್ಕ, ಆಡಳಿತದ ವೆಚ್ಚ ಕಳೆದು ಉಳಿದದ್ದನ್ನು, ಒಬ್ಬೊಬ್ಬರ ಆಸ್ಪತ್ರೆಯ ಕಡತ ತೆರೆದು ನೋಡಿ ಹಂಚಬೇಕು. ದಾವೆ ಹೂಡಿದಾಗ ನಡುವಯಸ್ಸಿನಲ್ಲಿದ್ದವರು ರಾಜಿಯ ಹೊತ್ತಿಗೆ ಮುಪ್ಪಿನ ಹೊಸ್ತಿಲಲ್ಲಿ ನಿಂತಿದ್ದರು.

ನ್ಯಾಯಾಲಯದ ಹೊರಗೂ ಕೆಲವು ಬದಲಾವಣೆಗಳಾದವು. ಸೆನೆಟ್ ಸದಸ್ಯ ಡೆರಿನ್ ಹಿಂಚ್ ಅವರ ಒತ್ತಾಯದ ಮೇಲೆ 2017ರಲ್ಲಿ ನೇಮಕವಾದ ವಿಚಾರಣೆ 2018ರ ಮಾರ್ಚಿನಲ್ಲಿ ವರದಿ ಒಪ್ಪಿಸಿತು. ದೇಶದಲ್ಲಿ ಎಷ್ಟು ಸ್ತ್ರೀಯರಿಗೆ ಬಲೆ ಹಾಕಲಾಗಿದೆ ಎಂಬುದನ್ನು ತಿಳಿಯುವುದೇ ಅದರ ಮೊದಲ ಕಾರ್ಯವಾಗಿತ್ತು. ಖಚಿತವಾದ ಲೆಕ್ಕ ಎಲ್ಲಿಯೂ ಸಿಗಲಿಲ್ಲ. ಕಾರಿನಲ್ಲಿ ದೋಷ ಕಂಡರೆ ಅದರ ನಂಬರು ಹಿಡಿದು ಒಡೆಯನನ್ನು ಹುಡುಕಬಲ್ಲ ದೇಶದಲ್ಲಿ, ಸ್ತ್ರೀಯ ಒಡಲಿಗೆ ಸೇರಿದ ಸಾಧನಕ್ಕೆ ದಾಖಲೆಯ ಪುಸ್ತಕವೇ ಇರಲಿಲ್ಲ. ಅಂಗ ಜಾರುವುದಕ್ಕೆ ಯೋನಿಮಾರ್ಗದಿಂದ ಹಾಕುವ ಬಲೆಗಳನ್ನು ಆಸ್ಟ್ರೇಲಿಯದ ಔಷಧ ನಿಯಂತ್ರಣ ಇಲಾಖೆ 2017ರ ನವೆಂಬರಿನಲ್ಲಿಯೇ ಪಟ್ಟಿಯಿಂದ ತೆಗೆದುಹಾಕುವ ನಿರ್ಧಾರ ಕೈಗೊಂಡಿತ್ತು. 2018ರ ಅಕ್ಟೋಬರಿನಲ್ಲಿ ಆರೋಗ್ಯಮಂತ್ರಿ ಗ್ರೆಗ್ ಹಂಟ್ ಸರ್ಕಾರದ ಪರವಾಗಿ ಈ ಸ್ತ್ರೀಯರ ಕ್ಷಮೆ ಯಾಚಿಸಿದರು. ಅದೇ ಡಿಸೆಂಬರಿನಿಂದ, ಇಂಥ ಬಲೆ ಹಾಕಿಸಿಕೊಳ್ಳುವವರಿಗೆ ಅದರ ಹೆಸರು, ಗುರುತುಗಳನ್ನು ಮುದ್ರಿಸಿದ ಚೀಟಿಯನ್ನೂ ವಿವರದ ಪತ್ರವನ್ನೂ ಒದಗಿಸಬೇಕೆಂಬ ನಿಯಮ ಬಂದಿತು.

ಬೇರೆ ದೇಶ, ಬೇರೆ ದಾರಿ

ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ದಾವೆಗಳನ್ನು ಏಳು ಕಂಪನಿಗಳ ಲೆಕ್ಕದಲ್ಲಿ ಏಳು ಕಟ್ಟುಗಳಾಗಿ ಕಟ್ಟಿ, ಪಶ್ಚಿಮ ವರ್ಜೀನಿಯದ ನ್ಯಾಯಾಧೀಶ ಜೋಸೆಫ್ ಗುಡ್‌ವಿನ್ ಅವರಿಗೆ ಒಪ್ಪಿಸಲಾಯಿತು. ಕೆಲವು ಮಾದರಿ ಮೊಕದ್ದಮೆಗಳು ಜ್ಯೂರಿಯ ಮುಂದೆ ನಡೆದವು. ಬಹುಪಾಲು ರಾಜಿಯಲ್ಲಿ ಮುಗಿದವು. ಪ್ರಾಂತೀಯ ಸರ್ಕಾರಗಳೂ ದಾವೆಗಿಳಿದವು. ಅಪಾಯ ಮುಚ್ಚಿಟ್ಟು ಪ್ರಚಾರ ಮಾಡಿದ್ದಕ್ಕಾಗಿ ಕ್ಯಾಲಿಫೋರ್ನಿಯದ ನ್ಯಾಯಾಲಯ 2020ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಗೆ 34 ಕೋಟಿ 40 ಲಕ್ಷ ಡಾಲರ್ ದಂಡ ವಿಧಿಸಿತು. 2022ರಲ್ಲಿ ಅಪೀಲಿನಲ್ಲಿ ಅದು 30 ಕೋಟಿ 20 ಲಕ್ಷಕ್ಕೆ ಇಳಿಯಿತು.

ಹಣದ ವಾಸನೆ ಹಿಡಿದು ಬಂದವರೂ ಇದ್ದರು. ಬಲೆಯನ್ನು ತೆಗೆಸಿದ ಸ್ತ್ರೀಯರಿಗೆ ಹೆಚ್ಚು ಪರಿಹಾರ ಸಿಗುವುದನ್ನು ಕಂಡ ಕೆಲವು ದಲ್ಲಾಳಿಗಳು, ದುಬಾರಿ ಬಡ್ಡಿಯ ಸಾಲ ಕೊಡಿಸಿ, ಅಗತ್ಯವಿಲ್ಲದವರನ್ನೂ ಶಸ್ತ್ರಕ್ರಿಯೆಗೆ ಪ್ರೇರೇಪಿಸಿದರೆಂದು 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. ಗಾಯದ ಮೇಲೆ ಗಾಯ!

ಬ್ರಿಟನ್ನಿನಲ್ಲಿ ನಡೆದದ್ದು ಬೇರೆಯೇ ರೀತಿ. ಸ್ಕಾಟ್ಲೆಂಡಿನ ಸ್ತ್ರೀಯರು 2014ರಲ್ಲಿ ತಮ್ಮ ಸಂಸತ್ತಿಗೆ ಮನವಿ ಸಲ್ಲಿಸಿದರು. ಸ್ವಂತ ಖರ್ಚಿನಲ್ಲಿ ಬಲೆ ತೆಗೆಸಿಕೊಂಡವರಿಗೆ ಹಣ ಮರಳಿಸಲು ಅಲ್ಲಿ 2022ರಲ್ಲಿ ಒಂದು ಶಾಸನವೇ ಆಯಿತು. ಇಂಗ್ಲೆಂಡಿನಲ್ಲಿ ಬ್ಯಾರನೆಸ್ ಜೂಲಿಯಾ ಕಂಬರ್ಲೆಜ್ ಅವರ ಮಂಡಲಿ ಊರೂರು ಸುತ್ತಿ ಸ್ತ್ರೀಯರ ಅಳಲನ್ನು ಕೇಳಿ, 2020ರ ಜುಲೈನಲ್ಲಿ ‘ಮೊದಲು, ಹಾನಿ ಮಾಡದಿರು’ ಎಂಬರ್ಥದ ಹೆಸರಿನ ವರದಿಯನ್ನು ಪ್ರಕಟಿಸಿತು. ರೋಗಿಗಳ ದೂರಿಗೆ ಕಿವಿಗೊಡದಿದ್ದುದೇ ವ್ಯವಸ್ಥೆಯ ಮೂಲದೋಷವೆಂದು ಅದು ಹೇಳಿತು. ಅದರ ಸಲಹೆಯಂತೆ ನೇಮಕವಾದ ರೋಗಿಗಳ ಸುರಕ್ಷತಾ ಆಯುಕ್ತೆ ಹೆನ್ರಿಯೆಟಾ ಹ್ಯೂಸ್, ನೊಂದ ಪ್ರತಿಯೊಬ್ಬ ಸ್ತ್ರೀಗೂ ನ್ಯಾಯಾಲಯಕ್ಕೆ ಅಲೆಸದೆ ಮೊದಲ ಕಂತಾಗಿ 20,000 ಪೌಂಡು ಕೊಡಬೇಕೆಂದು 2024ರ ಫೆಬ್ರವರಿಯಲ್ಲಿ ಸೂಚಿಸಿದರು.

ಕೇಳಬೇಕಾದ ಪ್ರಶ್ನೆಗಳು

ಈ ದೀರ್ಘ ಕಥೆಯನ್ನು ಓದಿ ಶಸ್ತ್ರಚಿಕಿತ್ಸೆಗೇ ಹೆದರಬೇಕಾಗಿಲ್ಲ. ವೈದ್ಯರನ್ನೆಲ್ಲ ಸಂಶಯದಿಂದ ನೋಡಬೇಕಾಗಿಯೂ ಇಲ್ಲ. ಎಷ್ಟೋ ವೈದ್ಯರಿಗೆ ಕಂಪನಿಯ ಕಾಗದ ಹೇಳಿದ್ದಷ್ಟೇ ಗೊತ್ತಿತ್ತು. ರೋಗಿಗಳ ಪರವಾಗಿ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದವರಲ್ಲೂ ವೈದ್ಯರಿದ್ದರು.

ಆದರೆ ದೇಹದೊಳಗೆ ಶಾಶ್ವತವಾಗಿ ಉಳಿಯುವ ಯಾವುದೇ ವಸ್ತುವಿಗೆ ಸಮ್ಮತಿಸುವ ಮುನ್ನ ಮನೆಮಂದಿ ನಾಲ್ಕು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬಹುದು. ಇದಿಲ್ಲದೆ ಬೇರೆ ಉಪಾಯವುಂಟೇ — ವ್ಯಾಯಾಮ, ಆಧಾರದ ಉಂಗುರ, ಹಳೆಯ ಪದ್ಧತಿಯ ಹೊಲಿಗೆ? ಕೆಟ್ಟದ್ದು ಸಂಭವಿಸಿದರೆ ಅದು ಯಾವ ಬಗೆಯದು? ತೆಗೆಯಬೇಕಾಗಿ ಬಂದರೆ ತೆಗೆಯಲು ಸಾಧ್ಯವೇ, ತೆಗೆಯಬಲ್ಲವರು ಯಾರು? ಈ ವಸ್ತುವಿನ ಹೆಸರು, ತಯಾರಕರು, ಗುರುತಿನ ಸಂಖ್ಯೆಗಳೇನು? ಈ ಕೊನೆಯ ಉತ್ತರವನ್ನು ಬರೆಸಿಕೊಂಡು, ಆಸ್ಪತ್ರೆಯ ಕಾಗದಗಳೊಡನೆ ಮನೆಯ ಬೀರುವಿನಲ್ಲಿ ಜೋಪಾನವಾಗಿ ಇಡಬೇಕು. ಹತ್ತು ವರ್ಷಗಳ ಮೇಲೆ ಅದೊಂದು ಚೀಟಿಯೇ ಸಾಕ್ಷಿಯಾದೀತು.

ಇನ್ನೊಂದು ಕರ್ತವ್ಯ ಮನೆಯವರಿಗೆ ಸೇರಿದ್ದು. ತಾಯಿಯೋ ಅತ್ತೆಯೋ ಮಡದಿಯೋ ‘ಒಳಗೆಲ್ಲೋ ನೋಯುತ್ತದೆ’ ಎಂದಾಗ ‘ವಯಸ್ಸಾಯಿತಲ್ಲ’ ಎಂದು ಮಾತು ತೇಲಿಸುವುದು ಸುಲಭ. ಆಸ್ಟ್ರೇಲಿಯದ ಆ ಸ್ತ್ರೀಯರು ಸಾವಿರದ ಐನೂರು ಪುಟಗಳ ತೀರ್ಪಿನಿಂದ ಪಡೆದ ನಂಬಿಕೆಯನ್ನು ಅವರ ಸುತ್ತಲಿನವರು ಮೊದಲ ದಿನವೇ ಕೊಡಬಹುದಾಗಿತ್ತು. ಅದಕ್ಕೆ ವಕೀಲರೂ ಬೇಕಿರಲಿಲ್ಲ, ಹತ್ತು ವರ್ಷವೂ ಬೇಕಿರಲಿಲ್ಲ.